ರೇಡಿಯೋದಲ್ಲಿ ನಮ್ಮ ಗಾಡಿಯ ಹೆಸರು ಹೇಳೋದು ಹೇಗೆ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ರೂರಲ್ ಫೈರ್ ಸರ್ವಿಸ್‌ಗೆ, ಅಂದರೆ ಹಳ್ಳಿ-ಕಾಡಿನ ಬೆಂಕಿ ಆರಿಸುವ ಪಡೆಗೆ, ಹೊಸದಾಗಿ ಸೇರಿದ ಕನ್ನಡದ ಗೆಳೆಯರಿಗೆ ಇದು.

ಮೊದಲು ಗಾಡಿ ಗುರುತಿಸಿ. ಕ್ಯಾಟಗರಿ 1 ದೊಡ್ಡ ಟ್ಯಾಂಕರ್, 3000 ಲೀಟರಿಗಿಂತ ಜಾಸ್ತಿ ನೀರು. ಕ್ಯಾಟಗರಿ 7 ಸಣ್ಣ ಟ್ರಕ್, ಸುಮಾರು 1600 ಲೀಟರ್. ಕ್ಯಾಟಗರಿ 9 ಅಂದರೆ ಪಿಕಪ್‌ನಂಥ ಗಾಡಿ, ಕೆಲವೇ ನೂರು ಲೀಟರ್, ಆದರೆ ಇಕ್ಕಟ್ಟಿನ ಕಾಡುದಾರಿಯಲ್ಲಿ ಅದೇ ಆಸರೆ.

ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಗಾಡಿಯ ಹೆಸರು, ಇದರಿಂದಲೇ ಹುಟ್ಟುತ್ತದೆ: ಬ್ರಿಗೇಡ್ (ನಿಮ್ಮ ಊರಿನ ಅಗ್ನಿಶಾಮಕ ತಂಡ) ಹೆಸರು, ಆಮೇಲೆ ಕ್ಯಾಟಗರಿ ಅಂಕಿ. ಒಂದೇ ಬಗೆಯ ಎರಡು ಗಾಡಿ ಇದ್ದರೆ ಕೊನೆಗೆ ಆಲ್ಫಾ (A), ಬ್ರಾವೋ (B) ಸೇರುತ್ತದೆ. ಹಾಗಾಗಿ ‘ಸೆವೆನ್’ ಅಂತ ಕೇಳಿದ ತಕ್ಷಣ ಎಷ್ಟು ನೀರು ಬರ್ತಿದೆ ಅನ್ನೋದು ಎಲ್ಲರಿಗೂ ಗೊತ್ತಾಗುತ್ತದೆ. ಎಷ್ಟು ಚೆಂದದ ವ್ಯವಸ್ಥೆ, ಅಲ್ವಾ?

ಕರೆಯುವಾಗ ಯಾರನ್ನು ಕರೀತಿದ್ದೀರೋ ಅವರ ಹೆಸರು ಮೊದಲು, ನಿಮ್ಮದು ಆಮೇಲೆ. ಮೈಕಿನ ಗುಂಡಿ ಒತ್ತಿ, ಒಂದು ಸೆಕೆಂಡ್ ತಡೆದು ಮಾತಾಡಿ. ನಾನು ಮೊದಲ ಸಲ ಒತ್ತಿದ ಕೂಡಲೇ ಮಾತಾಡಿದೆ. ಮೊದಲ ಪದವೇ ಕತ್ತರಿಸಿ ಹೋಯಿತು, ಕರೆದದ್ದು ಯಾರನ್ನು ಅಂತ ಯಾರಿಗೂ ತಿಳಿಯಲಿಲ್ಲ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಪಂಪ್ ಸದ್ದಿದ್ದರೂ ಕೂಗಬೇಡಿ, ದನಿ ಒಡೆಯುತ್ತದೆ.

ಹೊರಟಾಗ ಗಾಡಿಯಲ್ಲಿ ಎಷ್ಟು ಜನ ಇದ್ದೀರಿ ಅಂತ ಹೇಳಲೇಬೇಕು. ಹೊಗೆಯಲ್ಲಿ ಹುಡುಕುವವರಿಗೆ ಬೇಕಾಗುವುದು ಆ ಲೆಕ್ಕ.