ರೂಮ್ ಹೀಟರ್ ಅಲ್ಲ, ಸ್ಪೀಕರ್! ಹಳೇ ಕ್ವಾಡ್ ಗುರುತಿಸುವುದು, ರಿಪೇರಿ ಮಾಡುವುದು ಹೇಗೆ?

ಇದನ್ನು ಮೊದಲ ಸಲ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: 'ಇದೇನು, ರೂಮ್ ಹೀಟರಾ?' ಅವರ ತಪ್ಪೇನಿಲ್ಲ. ಎರಡೂವರೆ ಅಡಿ ಎತ್ತರ, ಮೂರಡಿಗೆ ತುಸು ಕಡಿಮೆ ಅಗಲ. ಮುಂದೆ ತೂತುತೂತಿನ ಲೋಹದ ಜಾಲರಿ, ಅದೂ ಸ್ವಲ್ಪ ಬಾಗಿದ್ದು. ಕೆಳಗೆ ಮೋಟು ಮರದ ಕಾಲುಗಳು. ಹಿಂದಿನಿಂದ ಒಂದು ಕರೆಂಟ್ ವೈರ್ ಬೇರೆ ಹೊರಬಂದಿರುತ್ತದೆ.

ಇದು ಇಂಗ್ಲೆಂಡಿನ ಹಂಟಿಂಗ್ಡನ್‌ನಲ್ಲಿ ಪೀಟರ್ ವಾಕರ್ ಅವರ ಕಂಪನಿ ಮಾಡಿದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್. ಮಾರುಕಟ್ಟೆಗೆ ಬಂದದ್ದು 1957ರಲ್ಲಿ. 1980ರ ದಶಕದ ನಡುವಿನವರೆಗೂ ತಯಾರಾಗುತ್ತಲೇ ಇತ್ತು. ಐವತ್ತು ಸಾವಿರಕ್ಕೂ ಜಾಸ್ತಿ ಸ್ಪೀಕರ್ ಮಾಡಿದ್ದಾರೆ, ಹಾಗಾಗಿ ಬ್ರಿಟನ್ನಿನ ಹರಾಜುಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಿಗುತ್ತವೆ. ಅಲ್ಲಿರುವ ನಮ್ಮ ಗೆಳೆಯರು ಆಗಾಗ ಫೋಟೊ ಕಳಿಸಿ 'ತಗೊಳ್ಳಲಾ?' ಅಂತ ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಳಗೆ ಏನಿದೆ?

ಮಾಮೂಲಿ ಸ್ಪೀಕರಿನಲ್ಲಿ ಅಯಸ್ಕಾಂತ, ತಂತಿಯ ಸುರುಳಿ, ಕಾಗದದ ಕೋನ್ ಇರುತ್ತವೆ. ಇದರಲ್ಲಿ ಅವು ಯಾವುವೂ ಇಲ್ಲ. ತೂತು ಹೊಡೆದ ಎರಡು ತಟ್ಟೆಗಳು, ಅವುಗಳ ನಡುವೆ ಬಿಗಿದು ಕಟ್ಟಿದ ಪ್ಲಾಸ್ಟಿಕ್ ಪೊರೆ, ಕೂದಲಿಗಿಂತ ತೆಳು. ಆ ಪೊರೆಗೆ ಸಾವಿರಾರು ವೋಲ್ಟ್ ಚಾರ್ಜ್ ಕೊಟ್ಟಿರುತ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಇಲ್ಲಿ ಕೆಲಸ ಮಾಡುವುದೂ ಅದೇ ಶಕ್ತಿ. ಆಂಪ್ಲಿಫೈಯರ್‌ನಿಂದ ಬಂದ ಸಂಗೀತ ಟ್ರಾನ್ಸ್‌ಫಾರ್ಮರ್ ದಾಟಿ ತಟ್ಟೆಗಳಿಗೆ ಹೋಗುತ್ತದೆ. ಒಂದು ತಟ್ಟೆ ಪೊರೆಯನ್ನು ಎಳೆದರೆ ಇನ್ನೊಂದು ತಳ್ಳುತ್ತದೆ.

ಕ್ವಾಡ್‌ನಲ್ಲಿ ಇಂಥ ಮೂರು ಫಲಕಗಳಿವೆ. ನಡುವೆ ಟ್ರೆಬಲ್ (ತಾರ ಸ್ವರದ್ದು), ಎರಡೂ ಪಕ್ಕ ಬೇಸ್ (ಮಂದ್ರ ಸ್ವರದ್ದು). ಬೇಸ್ ಪೊರೆಗೆ 6000 ವೋಲ್ಟ್, ಟ್ರೆಬಲ್‌ಗೆ 1500 ವೋಲ್ಟ್. ಕರೆಂಟ್ ವೈರ್ ಇರುವುದು ಇದಕ್ಕೇ.

ಇನ್ನೊಂದು ಸಂಗತಿ ಮುಂದೆ ರಿಪೇರಿಗೆ ಬೇಕಾಗುತ್ತದೆ. ಪೊರೆಯ ಮೇಲೆ ಒಂದು ಲೇಪ ಇದೆ. ಅದು ವಿದ್ಯುತ್ತನ್ನು ಹರಿಯಲು ಬಿಡುತ್ತದೆ, ಆದರೆ ತುಂಬಾ ತುಂಬಾ ನಿಧಾನವಾಗಿ. ಅದರ ರೆಸಿಸ್ಟೆನ್ಸ್ ಕೋಟಿಗಟ್ಟಲೆ ಓಮ್. ಪೊರೆ ಹಿಂದೆ ಮುಂದೆ ಓಡಾಡುವಾಗ ಚಾರ್ಜ್ ಇದ್ದಲ್ಲೇ ಇರಬೇಕು, ಅತ್ತಿತ್ತ ಹರಿದರೆ ಸ್ವರ ಕೆಡುತ್ತದೆ. ಚೆನ್ನಾಗಿ ವಿದ್ಯುತ್ ಹರಿಸುವ ಲೇಪ ಹಚ್ಚಿದರೆ ಸ್ಪೀಕರ್ ಜೋರಾಗಿ ಹಾಡುತ್ತದೆ ಅಂದುಕೊಳ್ಳುವವರಿದ್ದಾರೆ. ಹಾಗಾಗುವುದಿಲ್ಲ, ಸ್ವರವೇ ಕೆಡುತ್ತದೆ.

ಗುರುತು ಹಿಡಿಯುವುದು

ಚಪ್ಪಟೆಯಾಗಿ, ಅಗಲವಾಗಿ ಇರುವುದೆಲ್ಲ ಎಲೆಕ್ಟ್ರೋಸ್ಟ್ಯಾಟಿಕ್ ಅಲ್ಲ. ಅಮೆರಿಕದ ಮ್ಯಾಗ್ನೆಪ್ಯಾನ್ ಕೂಡ ಚಪ್ಪಟೆಯೇ, ಆದರೆ ಅದು ಅಯಸ್ಕಾಂತದಿಂದ ನಡೆಯುವಂಥದ್ದು. ಒಂದು ಗುಂಡುಪಿನ್ ತಗೊಂಡು ಜಾಲರಿಯ ಹತ್ತಿರ ಹಿಡಿಯಿರಿ. ಸೆಳೆದರೆ ಒಳಗೆ ಅಯಸ್ಕಾಂತ ಇದೆ. ಸೆಳೆಯದೆ ಇದ್ದು, ಹಿಂದೆ ಕರೆಂಟ್ ವೈರಿಗೆ ಜಾಗ ಇದ್ದರೆ ನಿಮ್ಮ ಮುಂದಿರುವುದು ಬಹುತೇಕ ಎಲೆಕ್ಟ್ರೋಸ್ಟ್ಯಾಟಿಕ್.

ಕ್ವಾಡ್‌ನ ಮೊದಲ ಮಾದರಿಗೆ ಈಗ ಎಲ್ಲರೂ 'ಇಎಸ್‌ಎಲ್-57' ಅನ್ನುತ್ತಾರೆ (ಇಎಸ್‌ಎಲ್ ಅಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಲೌಡ್‌ಸ್ಪೀಕರ್). ಪೆಟ್ಟಿಗೆಯ ಮೇಲೆ 57 ಅಂತ ಹುಡುಕಬೇಡಿ, ಸಿಗುವುದಿಲ್ಲ. ಆ ಹೆಸರು ಆಮೇಲೆ ಅಂಟಿದ್ದು. ಜಾಲರಿ ಕಂಚಿನ ಬಣ್ಣದ್ದಿರಬಹುದು, ಕಪ್ಪು ಇರಬಹುದು. ಎರಡು ತುದಿಗೂ ಮರದ ಪಟ್ಟಿ. ಇದೇ ಫಲಕಗಳನ್ನು ಇಟ್ಟುಕೊಂಡು ಜರ್ಮನಿಯ ಬ್ರಾನ್ ಕಂಪನಿ 'ಎಲ್‌ಇ1' ಅನ್ನುವ ಸ್ಪೀಕರ್ ಮಾಡಿತ್ತು. ಡೀಟರ್ ರಾಮ್ಸ್ ವಿನ್ಯಾಸ, ನೋಡಲು ಬಲು ಚೆಂದ, ಸಿಗುವುದು ಅಪರೂಪ.

1981ರಲ್ಲಿ ಬಂದ ಇಎಸ್‌ಎಲ್-63 ಪೂರಾ ಬೇರೆ. ಅದು ಮೂರಡಿ ಎತ್ತರ, ನೆಟ್ಟಗೆ ನಿಲ್ಲುತ್ತದೆ, ಮೈತುಂಬ ಬಟ್ಟೆ ಹೊದ್ದಿರುತ್ತದೆ. 1963ರಲ್ಲೇ ಕೆಲಸ ಶುರುವಾಗಿದ್ದರಿಂದ ಆ ಹೆಸರು. ಅದರ ದೊಡ್ಡ ಕಾಯಿಲೆ ಅಂಟಿನದ್ದು. ತೂತು ತಟ್ಟೆಗಳನ್ನು ಪ್ಲಾಸ್ಟಿಕ್ ಚೌಕಟ್ಟಿಗೆ ಹಿಡಿದಿಟ್ಟ ಅಂಟು ದಶಕಗಳಾದ ಮೇಲೆ ಬಿಟ್ಟುಕೊಳ್ಳುತ್ತದೆ. ಆಗ ಬೇಸ್ ಬಂದಾಗಲೆಲ್ಲ ಜುಂಯ್ ಅಂತ ನಡುಗುವ ಸದ್ದು. ಫಲಕ ಬಿಚ್ಚಿ ಮತ್ತೆ ಅಂಟಿಸಬೇಕು, ಮೊದಲ ಸಲ ಮಾಡುವವರ ಕೆಲಸ ಅದಲ್ಲ. ಅದಕ್ಕೆ ಇಲ್ಲಿ 57ರ ಬಗ್ಗೆ ಮಾತ್ರ ಹೇಳುತ್ತೇನೆ.

ಕೊಳ್ಳುವ ಮೊದಲು

ಮಾರುವವರ ಮನೆಗೆ ಹೋಗುವ ಮೊದಲು ಫೋನ್ ಮಾಡಿ, 'ಎರಡು ಗಂಟೆ ಮುಂಚೆಯೇ ಪ್ಲಗ್ ಹಾಕಿಟ್ಟಿರಿ' ಅಂತ ಹೇಳಿ. ಪೊರೆ ನಿಧಾನವಾಗಿ ಚಾರ್ಜ್ ಆಗುತ್ತದೆ. ಆಗಷ್ಟೇ ಸ್ವಿಚ್ ಹಾಕಿದ ಸ್ಪೀಕರ್ ಸಣ್ಣಗೆ ಹಾಡಿದರೆ ಅದು ಕೆಟ್ಟಿದೆ ಅನ್ನಲಾಗದು.

ಹೋದ ಮೇಲೆ ಸಂಗೀತ ಹಾಕಿಸಬೇಡಿ. ಮೊದಲು ಸುಮ್ನೆ ಜಾಲರಿಗೆ ಕಿವಿ ಕೊಡಿ. ಟಿಕ್ ಟಿಕ್ ಅಂತಲೋ ಚಟಪಟ ಅಂತಲೋ ಕೇಳಿದರೆ ಚಾರ್ಜ್ ಎಲ್ಲೋ ಸೋರುತ್ತಿದೆ. ದೀಪ ಆರಿಸಿ ಜಾಲರಿಯ ಒಳಗೆ ನೋಡಿ, ನೀಲಿ ಕಿಡಿ ಕಂಡರೂ ಕಾಣಬಹುದು. ಜೊತೆಗೆ ಜೆರಾಕ್ಸ್ ಅಂಗಡಿಯ ಮೆಷಿನ್ ಹತ್ತಿರ ಬರುವಂಥ ವಾಸನೆ ಇದ್ದರೆ ಅದು ಓಝೋನ್. ಬೆಲೆ ಚೌಕಾಸಿ ಮಾಡಲು ಒಳ್ಳೇ ಕಾರಣ.

ಆಮೇಲೆ ಯಾರಾದರೂ ಮಾತಾಡುವ ರೆಕಾರ್ಡಿಂಗ್ ಹಾಕಿ, ಮೋನೊದಲ್ಲಿ, ಅಂದರೆ ಎರಡೂ ಸ್ಪೀಕರಿಗೆ ಒಂದೇ ದನಿ ಹೋಗುವ ಹಾಗೆ. ವಾರ್ತೆ ಓದುವ ದನಿಯಾದರೂ ನಡೆಯುತ್ತದೆ. ದನಿ ಎರಡು ಸ್ಪೀಕರ್‌ಗಳ ಸರಿ ಮಧ್ಯೆ, ಗಾಳಿಯಲ್ಲಿ ನಿಂತ ಹಾಗೆ ಕೇಳಬೇಕು. ಒಂದು ಕಡೆಗೆ ವಾಲಿದರೆ ಇನ್ನೊಂದು ಸ್ಪೀಕರ್ ಬಳಲಿದೆ. ಯಾವ ಫಲಕ ಬಳಲಿದೆ ಅಂತ ತಿಳಿಯಲು ಕ್ಯಾಲೆಂಡರ್ ಹಾಳೆಯೊಂದನ್ನು ಕೊಳವೆ ಮಾಡಿ, ಕಿವಿಗೆ ಹಿಡಿದು, ಮೂರು ಫಲಕಗಳ ಮುಂದೆ ಒಂದೊಂದಾಗಿ ಹಿಡಿಯಿರಿ. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ ಬಿಡಿ.

ಹಿಂದಿರುವ ವೋಲ್ಟೇಜ್ ಸೆಲೆಕ್ಟರ್ ನೋಡುವುದನ್ನು ಮರೆಯಬೇಡಿ. ಅಮೆರಿಕದಿಂದ ಬಂದ ಜೋಡಿ 110ರ ಆಸುಪಾಸಿಗೆ ಇಟ್ಟಿರುತ್ತದೆ. ಅದನ್ನು ಹಾಗೇ ತಂದು ನಮ್ಮ 230 ವೋಲ್ಟಿಗೆ ಚುಚ್ಚಿದರೆ ಕಥೆ ಅಲ್ಲಿಗೆ ಮುಗಿಯಿತು.

ಬಿಚ್ಚುವ ಮುನ್ನ, ದಯವಿಟ್ಟು ಓದಿ

ಹಳೇ ಪಿಕ್ಚರ್ ಟ್ಯೂಬ್ ಟಿವಿ ರಿಪೇರಿ ಮಾಡಿದವರಿಗೆ ಇಎಚ್‌ಟಿ (ಎಕ್ಸ್‌ಟ್ರಾ ಹೈ ಟೆನ್ಷನ್, ಅಂದರೆ ಸಾವಿರಾರು ವೋಲ್ಟಿನ ವಿದ್ಯುತ್) ಎಂಥದ್ದೆಂದು ಗೊತ್ತು. ಇಲ್ಲಿರುವುದೂ ಅದೇ ಜಾತಿಯ ಭೂತ. ಪ್ಲಗ್ ತೆಗೆದ ಮಾತ್ರಕ್ಕೆ ಚಾರ್ಜ್ ಹೋಗುವುದಿಲ್ಲ. ಗಂಟೆಗಟ್ಟಲೆ ಒಳಗೇ ಕೂತಿರುತ್ತದೆ. ಅಲ್ಲದೆ ಹಾಡುತ್ತಿರುವಾಗ ಸಂಗೀತದ ಟ್ರಾನ್ಸ್‌ಫಾರ್ಮರ್ ಕೂಡ ಸಾವಿರಾರು ವೋಲ್ಟ್ ಹೊರಹಾಕುತ್ತದೆ, ಜೀವ ತೆಗೆಯಲು ಅದೊಂದೇ ಸಾಕು.

ಆದ್ದರಿಂದ ಹೀಗೆ ಮಾಡಿ. ಗೋಡೆಯಿಂದಲೇ ಪ್ಲಗ್ ಕೀಳಿ. ಆಂಪ್ಲಿಫೈಯರ್ ವೈರನ್ನೂ ತೆಗೆಯಿರಿ. ಒಂದು ರಾತ್ರಿ ಬಿಡಿ. ಬೆಳಗ್ಗೆ ಹಿಂದಿನ ಜಾಲರಿ ತೆಗೆದು, ಹೈ ವೋಲ್ಟೇಜ್ ತಡೆಯುವ ಹಿಡಿ ಇರುವ ಕಡ್ಡಿಗೆ ರೆಸಿಸ್ಟರ್ ಕಟ್ಟಿ, ಅದರ ಮೂಲಕ ಬೇಸ್ ಮತ್ತು ಟ್ರೆಬಲ್ ಎರಡೂ ಕಡೆಯ ಚಾರ್ಜನ್ನು ಅರ್ತ್‌ಗೆ ಇಳಿಸಿ. ಒಂದು ಕೈ ಪ್ಯಾಂಟಿನ ಜೇಬಿನಲ್ಲಿರಲಿ. ಮನೆಯಲ್ಲಿ ಒಬ್ಬರೇ ಇದ್ದಾಗ ಮಾಡಬೇಡಿ. ಈ ಪ್ಯಾರಾ ಓದಿ ಭಯವಾದರೆ ಒಳ್ಳೆಯದೇ, ರಿಪೇರಿಯನ್ನು ತಿಳಿದವರ ಕೈಗೆ ಕೊಡಿ. ಬ್ರಿಟನ್, ಜರ್ಮನಿ, ಅಮೆರಿಕದಲ್ಲಿ ಇದೊಂದೇ ಕೆಲಸ ಮಾಡುವ ವರ್ಕ್‌ಶಾಪ್‌ಗಳಿವೆ, ಹೊಸ ಫಲಕಗಳೂ ಅಲ್ಲಿ ಸಿಗುತ್ತವೆ.

ಸುಲಭದ್ದು ಮೊದಲು

ನನ್ನ ಮೊದಲ ಜೋಡಿಯಲ್ಲಿ ಎಡಗಡೆಯ ಸ್ಪೀಕರ್ ಪಿಸುಗುಟ್ಟುತ್ತಿತ್ತು. ಫಲಕವೇ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸದು ತರಿಸಿದೆ. ಹಾಕಿದೆ. ಮತ್ತೆ ಪಿಸುಗುಟ್ಟಿತು! ತಪ್ಪು ಇದ್ದದ್ದು ಕೆಳಗಿನ ಇಎಚ್‌ಟಿ ಬ್ಲಾಕಿನಲ್ಲಿ, ಅಂದರೆ ಪೊರೆಗಳಿಗೆ ಹೈ ವೋಲ್ಟೇಜ್ ಒದಗಿಸುವ ಭಾಗದಲ್ಲಿ. ಆ ದುಡ್ಡು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಹಾಗಾಗಿ ಮೊದಲು ಮಾಡಬೇಕಾದ್ದು ಅದಲುಬದಲು. ಎರಡು ಸ್ಪೀಕರ್‌ಗಳ ಇಎಚ್‌ಟಿ ಬ್ಲಾಕ್‌ಗಳನ್ನು ಒಂದಕ್ಕೊಂದು ಬದಲಾಯಿಸಿ. ಕಾಯಿಲೆ ಬ್ಲಾಕಿನ ಜೊತೆಯೇ ಪಕ್ಕದ ಸ್ಪೀಕರಿಗೆ ಹೋದರೆ ಕಳ್ಳ ಸಿಕ್ಕಿದ. ಇದ್ದಲ್ಲೇ ಉಳಿದರೆ ಫಲಕ ನೋಡಬೇಕು.

ಮೀಟರ್ ಹಿಡಿದು ಅಳೆಯಲು ಹೋದರೆ ಮೋಸ ಹೋಗುತ್ತೀರಿ. ಮಾಮೂಲಿ ಮಲ್ಟಿಮೀಟರ್ ಈ ವೋಲ್ಟೇಜ್ ತಡೆಯುವುದಿಲ್ಲ. ಹೈ ವೋಲ್ಟೇಜ್ ಪ್ರೋಬ್ ಹಾಕಿದರೂ, ಅದು ಎಳೆಯುವ ಚೂರೇ ಚೂರು ಕರೆಂಟಿಗೇ ಈ ಬ್ಲಾಕ್ ಕುಸಿಯುತ್ತದೆ. 6000 ಇದ್ದರೂ ಮೀಟರ್ ಕಡಿಮೆ ತೋರಿಸುತ್ತದೆ. ಸಂಖ್ಯೆ ನಂಬಬೇಡಿ, ಎರಡು ಬ್ಲಾಕ್‌ಗಳನ್ನು ಒಂದೇ ಪ್ರೋಬಿನಲ್ಲಿ ಅಳೆದು ಹೋಲಿಸಿ.

ಬ್ಲಾಕ್ ಎಂದರೆ ಡಯೋಡ್, ಕೆಪಾಸಿಟರ್‌ಗಳ ಏಣಿ. ಪ್ರತಿ ಮೆಟ್ಟಿಲಲ್ಲೂ ವೋಲ್ಟೇಜ್ ಮೇಲೇರುತ್ತದೆ. ಹಳೆಯದನ್ನು ಕೆರೆದು ಸರಿಮಾಡುವುದಕ್ಕಿಂತ ಹೊಸದನ್ನು ತರಿಸುವುದು ಜಾಣತನ. ನೀವೇ ಕಟ್ಟುವುದಾದರೆ 1000 ವೋಲ್ಟ್ ತಡೆಯುವ 1ಎನ್4007 ಡಯೋಡ್‌ಗಳನ್ನು ಹಾಕುವವರು ಜಾಸ್ತಿ, ಕೆಪಾಸಿಟರ್‌ಗಳೂ ಅದಕ್ಕೆ ತಕ್ಕವಿರಬೇಕು. ಬೆಸುಗೆ ಮಾತ್ರ ಸಾಸಿವೆ ಕಾಳಿನ ಹಾಗೆ ದುಂಡಗಿರಲಿ. ಮೊನೆ ಉಳಿದರೆ ಅಲ್ಲಿಂದಲೇ ಚಾರ್ಜ್ ಗಾಳಿಗೆ ಸೋರುತ್ತದೆ.

ದೂಳು, ಪೊರೆ, ತಮಟೆ

ಟಿಕ್ ಟಿಕ್ ಸದ್ದಿಗೆ ಬಹಳ ಸಲ ಕಾರಣ ದೂಳು. ಚಾರ್ಜ್ ಆದ ಪೊರೆ ದೂಳನ್ನು ಅಯಸ್ಕಾಂತದಂತೆ ಸೆಳೆಯುತ್ತದೆ. ಅದಕ್ಕೇ ಫಲಕಗಳ ಮುಂದೂ ಹಿಂದೂ ಇನ್ನೊಂದು ತೆಳು ಪೊರೆ ಹೊದಿಸಿರುತ್ತಾರೆ. ಐವತ್ತು ವರ್ಷದಲ್ಲಿ ಅದು ಹರಿದಿರುತ್ತದೆ, ಇಲ್ಲವೇ ಜೋಲು ಬಿದ್ದು ಕರಕರ ಅನ್ನುತ್ತದೆ.

ಇದನ್ನು ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಹಳೆಯದನ್ನು ಕಿತ್ತು, ಚೌಕಟ್ಟು ಒರೆಸಿ, ಎರಡೂ ಬದಿ ಅಂಟುವ ಟೇಪ್ ಹಚ್ಚಿ. 6 ಮೈಕ್ರಾನ್ ಅಥವಾ ಅದಕ್ಕಿಂತ ತೆಳುವಾದ ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಸುಕ್ಕಿಲ್ಲದಂತೆ ಹಾಸಿ. ಆಮೇಲೆ ಹೇರ್ ಡ್ರೈಯರ್‌ನಿಂದ ದೂರದಿಂದಲೇ ಬಿಸಿಗಾಳಿ ಆಡಿಸಿ. ತಮಟೆಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಾರಲ್ಲ, ಹಾಗೆ ಸುಕ್ಕೆಲ್ಲ ಮಾಯವಾಗಿ ಹಾಳೆ ಬಿಗಿಯುತ್ತದೆ. ಚೌಕಟ್ಟನ್ನು ಫಲಕದಿಂದ ಬೇರೆ ಮಾಡಿಯೇ ಇದನ್ನು ಮಾಡಿ, ಒಳಗಿನ ಹಾಡುವ ಪೊರೆಗೆ ಬಿಸಿ ತಾಗಕೂಡದು.

ಹಾಡುವ ಪೊರೆಯೇ ತೂತಾಗಿದ್ದರೆ ಕಷ್ಟ ಶುರು. ರಿವೆಟ್ ಕೊರೆದು ತಟ್ಟೆಗಳನ್ನು ಬಿಡಿಸಬೇಕು. ತಟ್ಟೆಯ ಹೊರಮೈಯ ವಿದ್ಯುತ್ ಹರಿಯುವ ಬಣ್ಣ ಉದುರಿದೆಯಾ ನೋಡಬೇಕು. ಹೊಸ ಪೊರೆಯನ್ನು ಎಲ್ಲ ಕಡೆಗೂ ಒಂದೇ ಬಿಗಿಯಲ್ಲಿ ಎಳೆಯಬೇಕು. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ: ಹಲಗೆಯ ಅಂಚಿನ ಸುತ್ತ ಸೈಕಲ್ ಟ್ಯೂಬ್ ಇಟ್ಟು, ಅದರ ಮೇಲೆ ಪೊರೆ ಹಾಸಿ ಹಲಗೆಯ ಅಡಿಗೆ ಟೇಪ್ ಹಚ್ಚಿ, ಪಂಪ್ ಹೊಡೆಯುವುದು. ಟ್ಯೂಬ್ ಉಬ್ಬಿದಂತೆ ಪೊರೆ ನಾಲ್ಕೂ ಕಡೆ ಸಮನಾಗಿ ಬಿಗಿಯುತ್ತದೆ. ಲೇಪ ಹಚ್ಚುವುದು ಇದಾದ ಮೇಲೆ. ಗ್ರಾಫೈಟ್ ಪುಡಿ ತಿಕ್ಕುವುದಾದರೆ, ತಿಕ್ಕಿದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿ ತೆಗೆಯಿರಿ, ಕಣ್ಣಿಗೆ ಕಾಣದಷ್ಟು ಮಾತ್ರ ಉಳಿಯಲಿ. ಬೇಸ್ ಫಲಕದಲ್ಲಿ ಕೈ ಪಳಗಿಸಿಕೊಳ್ಳಿ. ಟ್ರೆಬಲ್ ಫಲಕವನ್ನು ನಾನು ಕೊಂಡೇ ತರುತ್ತೇನೆ, ಅಷ್ಟು ತಾಳ್ಮೆ ನನಗಿಲ್ಲ.

ಯಾವ ಆಂಪ್ಲಿಫೈಯರ್?

ಸಣ್ಣದು. ಆಂಪ್ಲಿಫೈಯರ್‌ನಿಂದ ಬರುವ ವೋಲ್ಟೇಜಿನಲ್ಲಿ 57 ತಡೆಯುವ ಮಿತಿ 33 ವೋಲ್ಟ್ ಪೀಕ್ (ಏರಿಳಿತದ ತುತ್ತತುದಿ). ಅದರ ಜೊತೆಗೇ ಮಾರುತ್ತಿದ್ದ ಕ್ವಾಡ್ II ವಾಲ್ವ್ ಆಂಪ್ಲಿಫೈಯರ್ ಬರೀ 15 ವಾಟಿನದು. ಲೆಕ್ಕ ಹಾಕಿ ನೋಡಿ: 8 ಓಮ್‌ಗೆ 50 ವಾಟ್ ಕೊಡುವ ಆಂಪ್ಲಿಫೈಯರ್ 28 ವೋಲ್ಟ್ ಪೀಕ್ ಮುಟ್ಟುತ್ತದೆ, ಪರವಾಗಿಲ್ಲ. 100 ವಾಟಿನದು 40 ಮುಟ್ಟುತ್ತದೆ. ಟ್ರೆಬಲ್ ಫಲಕದಲ್ಲಿ ಕಿಡಿ ಹಾರಿ ಪೊರೆ ಸುಡುತ್ತದೆ. ಗೆಳೆಯರ ಮುಂದೆ ಜಂಬ ಪಡಲು ಹೋಗಿ ನಾನೇ ಒಂದನ್ನು ಸುಟ್ಟಿದ್ದೇನೆ. ಒಂದೇ ಒಂದು 'ಚಟ್' ಸದ್ದು, ಅಷ್ಟೇ.

ಎಲ್ಲಿಡಬೇಕು?

ಇದು ಮುಂದಕ್ಕೆ ಹಾಡಿದಷ್ಟೇ ಹಿಂದಕ್ಕೂ ಹಾಡುತ್ತದೆ. ಗೋಡೆಗೆ ಒರಗಿಸಬೇಡಿ, ಮೂರಡಿಯಾದರೂ ಜಾಗ ಬಿಡಿ. ತೇವ ಇದಕ್ಕೆ ಆಗಿಬರದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಚಾರ್ಜ್ ಸೋರಿ ದನಿ ತಗ್ಗಿದರೆ ಗಾಬರಿಯಾಗಿ ಬಿಚ್ಚಲು ಹೋಗಬೇಡಿ, ಕೋಣೆಯಲ್ಲಿ ಒಂದೆರಡು ದಿನ ಡಿಹ್ಯುಮಿಡಿಫೈಯರ್ ಓಡಿಸಿ ನೋಡಿ. ಸದಾ ಪ್ಲಗ್ ಹಾಕಿಯೇ ಇಡಬೇಕು ಅನ್ನುವವರಿದ್ದಾರೆ. ನಾನು ದೂಳಿಗೆ ಹೆದರಿ ಆರಿಸುತ್ತೇನೆ. ಸಂಜೆ ಕೇಳಬೇಕೆಂದರೆ ಮಧ್ಯಾಹ್ನದ ಊಟ ಮುಗಿಸಿ ಸ್ವಿಚ್ ಹಾಕಿಬಿಡುತ್ತೇನೆ.