ಪಕ್ಕವಾದ್ಯದ ಕಿವಿ ಇಟ್ಟುಕೊಂಡು ಕನ್ಸರ್ಟೊ ನುಡಿಸಿದ್ದು

ದಸರಾಕ್ಕೆ ಬಂದ ವಿದೇಶಿ ಆರ್ಕೆಸ್ಟ್ರಾ ಜೊತೆ ಮೈಸೂರು ಅರಮನೆ ಮುಂದೆ ಜರ್ಮನ್ ಸಂಗೀತಕಾರ ಮೆಂಡೆಲ್‌ಸನ್‌ನ ಇ ಮೈನರ್ ಪಿಟೀಲು ಕನ್ಸರ್ಟೊ (ಒಂಟಿ ಪಿಟೀಲು ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ನುಡಿಸುತ್ತೇನೆ ಅಂದಾಗ ಸಂಗೀತ ಬಲ್ಲವರು ಕೇಳಿದ್ದು ಒಂದೇ ಪ್ರಶ್ನೆ: ಹಾಡುಗಾರರ ಪಕ್ಕ ಕೂತು ನುಡಿಸಿದವಳಿಗೆ ಇದು ಒಗ್ಗುತ್ತಾ? ಒಗ್ಗಿತು. ಪಕ್ಕ ಕೂತು ನುಡಿಸಿದ್ದರಿಂದಲೇ ಒಗ್ಗಿತು ಅಂತ ನನ್ನ ನಂಬಿಕೆ.

ನನ್ನ ಹತ್ತಿರ ಎರಡು ಪಿಟೀಲುಗಳಿವೆ. ಕರ್ನಾಟಕ ಸಂಗೀತದ ಸ-ಪ-ಸ-ಪ ಶ್ರುತಿಯದ್ದಕ್ಕೆ ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಕೂರುವುದು, ಗಮಕಕ್ಕೆ ಬೆರಳು ಜಾರಬೇಕಲ್ಲ. ಪಾಶ್ಚಾತ್ಯ ಸಂಗೀತದ ಜಿ-ಡಿ-ಎ-ಇ ಶ್ರುತಿಯ ಪಿಟೀಲು ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತೇನೆ. ಕಮಾನಿನ ಕೂದಲಿಗೆ ಎಣ್ಣೆ ತಗುಲಿದರೆ ರಾಸಿನ್ (ಕಮಾನಿಗೆ ಉಜ್ಜುವ ರಾಳ) ಹಿಡಿಯುವುದಿಲ್ಲ. ನಿಂತು ನುಡಿಸುವುದು ಬೇಗ ರೂಢಿಯಾಯಿತು.

1845ರಲ್ಲಿ ಮೊದಲ ಸಲ ಲೈಪ್‌ಜಿಗ್‌ನಲ್ಲಿ ನುಡಿಸಿದ ಈ ಕೃತಿಯಲ್ಲಿ ಆರ್ಕೆಸ್ಟ್ರಾದ ಉದ್ದನೆಯ ಪೀಠಿಕೆ ಇಲ್ಲ. ಎರಡನೇ ಬಾರ್, ಅಂದರೆ ತಾಳದ ಎರಡನೇ ಆವರ್ತ, ಮುಗಿಯುವ ಮುಂಚೆಯೇ ಪಿಟೀಲು ಎದ್ದು ನಿಲ್ಲುತ್ತದೆ. ಆದರೆ ನಾನು ಹೆಚ್ಚು ಬೆವರು ಸುರಿಸಿದ್ದು ಕ್ಯಾಡೆನ್ಜಾ ಮೇಲೆ. ಮಾಮೂಲಿಯಾಗಿ ಭಾಗದ ಕೊನೆಗೆ ಬರುವ ಈ ಒಂಟಿ ವಾದನ ಇಲ್ಲಿ ಮೊದಲ ಭಾಗದ ನಡುವೆಯೇ ಬರುತ್ತದೆ. ಅದರ ಕೊನೆಯಲ್ಲಿ ನಾಲ್ಕೂ ತಂತಿ ಮೇಲೆ ಕಮಾನು ಪುಟಿಸುತ್ತಾ ಆರ್ಪೆಜಿಯೊ (ಸ್ವರಮೇಳದ ಸ್ವರಗಳನ್ನು ಒಂದಾದ ಮೇಲೊಂದು ನುಡಿಸುವುದು) ಹೆಣೆಯುತ್ತಿರುವಾಗಲೇ ಆರ್ಕೆಸ್ಟ್ರಾ ಕೃತಿಯ ಮೊದಲ ಧಾಟಿಯನ್ನು ಮೆಲ್ಲಗೆ ಎತ್ತಿಕೊಳ್ಳುತ್ತದೆ. ಆ ಗಳಿಗೆಯಿಂದ ನಾನು ಪಕ್ಕವಾದ್ಯ! ಕಮಾನು ಅದೇ, ವೇಗ ಅದೇ, ಧ್ವನಿ ಮಾತ್ರ ಕೆಳಗಿಳಿಸಿ ದಾರಿ ಬಿಡಬೇಕು. ಹಾಡುಗಾರರು ಉಸಿರು ತೆಗೆದುಕೊಳ್ಳುವುದನ್ನು ಗಮನಿಸಿ ಕಮಾನು ಹಗುರ ಮಾಡಿದ ಅಭ್ಯಾಸ ಇಲ್ಲಿ ನೇರ ಕೆಲಸಕ್ಕೆ ಬಂತು. ನನ್ನ ಪಾರ್ಟ್ ಒಂದನ್ನೇ ಇಟ್ಟುಕೊಳ್ಳದೆ ಎಲ್ಲ ವಾದ್ಯಗಳ ಸ್ವರಲಿಪಿ ಇರುವ ಪೂರ್ತಿ ಸ್ಕೋರ್ ತರಿಸಿ, ಉಳಿದ ವಾದ್ಯಗಳ ಸಾಲುಗಳನ್ನು ಬಾಯಲ್ಲಿ ಹಾಡಿಕೊಂಡೇ ಕಲಿತೆ. ಮೊದಲ ಭಾಗ ಮುಗಿದಾಗ ಒಂಟಿ ಬಸೂನ್ (ತಗ್ಗು ಸ್ಥಾಯಿಯ ಗಾಳಿವಾದ್ಯ) ಒಂದು ಸ್ವರ ಹಿಡಿದು ಎರಡನೆಯದಕ್ಕೆ ಸೇತುವೆ ಕಟ್ಟುತ್ತದೆ. ಆ ಸ್ವರ ಕೇಳಿಸಿಕೊಳ್ಳುವುದೇ ನನಗೆ ದೊಡ್ಡ ಸುಖ.

ಬಯಲು ವೇದಿಕೆಯ ಕಷ್ಟ ಬೇರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 10 ಮೀಟರ್ ಹಿಂದೆ ಕೂತವರ ಸ್ವರ ನನಗೆ ತಲುಪುವುದು ಸೆಕೆಂಡಿನ ನೂರರಲ್ಲಿ ಮೂರು ಪಾಲು ತಡವಾಗಿ. ಅದನ್ನೇ ನಂಬಿದರೆ ತಾಳ ಹಿಂದೆ ಬೀಳುತ್ತದೆ. ಹಾಗಾಗಿ ವೇಗದ ಮೂರನೇ ಭಾಗದಲ್ಲಿ ಕಣ್ಣು ಕಂಡಕ್ಟರ್ ಕೈ ಮೇಲೆ, ಕಿವಿ ಹತ್ತಿರದ ಪಿಟೀಲುಗಳ ಮೇಲೆ. ಮೈಕ್ ಇಲ್ಲದೆ ನಡೆಯುವ ಮಾತೇ ಅಲ್ಲ. ನಮ್ಮ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಧ್ವನಿ ದೊಡ್ಡದಾಗಲಿ ಅಂತ ಏಳು ತಂತಿ ಕಟ್ಟಿಕೊಂಡಿದ್ದರು, ನನಗಿದ್ದದ್ದು ನಾಲ್ಕೇ.

ಈ ಸಂಗೀತ ಹೊರಗಿನದು ಅಂತ ಅರಮನೆ ಮುಂದೆ ನನಗೆ ಅನ್ನಿಸಲೇ ಇಲ್ಲ. ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ರಷ್ಯಾದ ಸಂಗೀತಕಾರ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಮಹಾರಾಜರು ಕೂತು ಕೇಳಿದ ಸಂಗೀತ ಊರಿನ ಮಕ್ಕಳ ಕೈಗೂ ಸಿಗಬೇಕು.

ಇಂಥ ವೇದಿಕೆ ಹತ್ತುವ ಕಿರಿಯರು ಒಂದು ರಿಹರ್ಸಲನ್ನಾದರೂ ಕಛೇರಿಯ ಹೊತ್ತಿಗೇ ಕೇಳಿ ಪಡೆಯಿರಿ. ಸಂಜೆ ತಂಪಾದರೆ ಗಾಳಿವಾದ್ಯಗಳ ಶ್ರುತಿ ಇಳಿಯುತ್ತದೆ, ತೇವಕ್ಕೆ ಪಿಟೀಲಿನ ಬಿರಡೆ ಉಬ್ಬಿ ಬಿಗಿಯಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕೂಡಿಸಿದ ಶ್ರುತಿ ದೀಪ ಹತ್ತುವ ಹೊತ್ತಿಗೆ ಹಾಗೇ ಇರುವುದಿಲ್ಲ.