ಅಣ್ಣನ ಹೆಬ್ಬೆರಳಿನ ಲೆಕ್ಕ

2022ರಾಗ ಕಲಬುರಗಿಯ ಒಂದು ದಾಲ್ ಮಿಲ್‌ನಾಗ ಅಣ್ಣನ ಹೆಬ್ಬೆರಳು ಬುಡಸಮೇತ ಹೋತು. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಲಿಲ್ಲ. ಸಾಹುಕಾರ 80,000 ಕೈಯಾಗಿಟ್ಟು, "ಇಲ್ಲಿಗಿ ಮುಗೀತು" ಅಂತ ಕಾಗದಕ್ಕ ಸಹಿ ಮಾಡಿಸಿಕೊಂಡ. ಡಾಕ್ಟರ್ ಸರ್ಟಿಫಿಕೇಟಿನಾಗ ಅಂಗವೈಕಲ್ಯ 15% ಅಂತ ಇತ್ತು. ಅದನ್ನೇ ನಂಬಿ ಎಂಟು ತಿಂಗಳು ಸುಮ್ಮನ ಕುಂತ್ವಿ. ದಡ್ಡತನ, ಮತ್ತೇನು!

ವಕೀಲರು ಆಗ ಜಾರಿಯಾಗಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಒಂದನೇ ಅನುಸೂಚಿ (ಯಾವ ಗಾಯಕ್ಕ ಎಷ್ಟು ನಷ್ಟ ಅನ್ನೋ ಪಟ್ಟಿ) ತೆಗೆದು ತೋರಿಸಿದ್ರು: ಹೆಬ್ಬೆರಳು ಪೂರ್ತಿ ಹೋದ್ರ ಗಳಿಕೆ ಸಾಮರ್ಥ್ಯದ ನಷ್ಟ 30%. ಪಗಾರ 15,000, ಅದರ 60% ಅಂದ್ರ 9,000. ವಯಸ್ಸು 35ಕ್ಕ ಕಾಯ್ದೆ ಕೊಟ್ಟ ಗುಣಾಂಕ (ವಯಸ್ಸಿನ ಮ್ಯಾಲೆ ಗುಣಿಸೋ ಸಂಖ್ಯೆ) 197.06. ಗುಣಿಸಿ 30% ತೆಗೆದ್ರ 5,32,062 ರೂಪಾಯಿ. ನಾನು ಮೂರು ಸಲ ಲೆಕ್ಕ ಹಾಕಿದೆ.

ಹಕ್ಕು ಬಿಟ್ಟುಕೊಟ್ಟ ಆ ಕಾಗದ ಕಾನೂನಿನಾಗ ನಡೆಯಂಗಿಲ್ಲಂತ. ಅರ್ಜಿಗೆ ಆಗ ಎರಡು ವರ್ಷದ ಗಡುವಿತ್ತು; ಒಳಗೇ ಹಾಕಿದ್ವಿ. ತಿಂಗಳೊಳಗ ಕೊಡದಿದ್ರ 12% ಬಡ್ಡಿ ಅಂತ ತಿಳಿದ ಮ್ಯಾಲೆ ಸಾಹುಕಾರ ತಾನೇ ಮಾತಿಗಿ ಬಂದ. 80,000 ಕಳೆದು, ಉಳಿದದ್ದು ಬಡ್ಡಿ ಸಮೇತ ಪರಿಹಾರದ ಅರ್ಜಿ ನೋಡೋ ಆಯುಕ್ತರ ಹತ್ರ ಜಮಾ ಆತು.